ಲಕ್ಕವಳ್ಳಿಗೆ ಒಂದು ಥಿಯರಿ ಬೇಕಾಗಿದೆ

ತರೀಕೆರೆ ತಾಲ್ಲೂಕು ಲಕ್ಕವಳ್ಳಿ ಹೋಬಳಿಗೆ ಒಂದು ಥಿಯರಿ ಬೇಕಾಗಿದೆ. ಅರ್ಹತೆ: ದೂರದ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿರಬೇಕು, ಐದು ಚೌಕ, ಹತ್ತು ಬಾಣಗಳಿರುವ ಚಿತ್ರ ಜೊತೆಗಿರಬೇಕು, ನಾಲ್ಕಕ್ಷರದ ಇಂಗ್ಲಿಷ್ ಅಡ್ಡಹೆಸರು ಇರಬೇಕು. ಮಳೆಗಾಲದಲ್ಲಿ ಕೆಲಸ ಮಾಡಿದ ಅನುಭವ ಕಡ್ಡಾಯವಲ್ಲ. ಕೆಲಸದ ಸ್ವರೂಪ: ಪ್ರಬಂಧದ ಪೀಠಿಕೆಯಲ್ಲಿ ಒಮ್ಮೆ, ಕೊನೆಯ ಪುಟದಲ್ಲಿ ಒಮ್ಮೆ ಮುಖ ತೋರಿಸುವುದು. ನಡುವಿನ ನಲವತ್ತು ಪುಟ ಸಂಬಳಸಹಿತ ರಜೆ.

ಇದು ಉತ್ಪ್ರೇಕ್ಷೆ ಅನ್ನಿಸಿದವರು ಆರೋಗ್ಯ ಯೋಜನೆಗಳ ಮೇಲೆ ಬರುವ ಸಿಸ್ಟಮ್ಯಾಟಿಕ್ ರಿವ್ಯೂಗಳನ್ನು ಓದಿಲ್ಲ. ಓದದಿದ್ದರೆ ನಾಚಿಕೆ ಪಡಬೇಕಾಗಿಲ್ಲ, ಬರೆದವರಲ್ಲೇ ಅನೇಕರು ಪೂರ್ತಿ ಓದಿರುವುದಿಲ್ಲ. ವಿಷಯ ಇಷ್ಟೇ. ಒಂದು ಚಿಕಿತ್ಸೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಲು ಲೋಕದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಮೊದಲೇ ಹೇಳಿದ ನಿಯಮದ ಪ್ರಕಾರ ಹುಡುಕಿ, ಜರಡಿ ಹಿಡಿದು, ಕೂಡಿಸಿ ಉತ್ತರ ಹೇಳುವುದು. ವೈದ್ಯರು ತಮ್ಮ ಚಿಕಿತ್ಸೆಗಳನ್ನು ಪರೀಕ್ಷೆಗೆ ಒಡ್ಡದೆ ನಂಬಿಕೂತಿದ್ದಾರೆ ಎಂದು ಸ್ಕಾಟ್ಲೆಂಡಿನ ಆರ್ಚಿ ಕೊಕ್ರೇನ್ 1972ರಲ್ಲಿ ಪುಸ್ತಕವನ್ನೇ ಬರೆದು ಬೈದ. 1993ರಲ್ಲಿ ಅವನ ಹೆಸರಿನಲ್ಲಿ ಸಂಸ್ಥೆಯೊಂದು ಹುಟ್ಟಿ ಈ ಕೆಲಸವನ್ನು ಶಿಸ್ತಿಗೆ ತಂದಿತು. ಉಪಕಾರದ ಕೆಲಸ, ಅದರಲ್ಲಿ ಅನುಮಾನವಿಲ್ಲ. ಮಾತ್ರೆ ಲಕ್ಕವಳ್ಳಿಯಲ್ಲಿ ನುಂಗಿದರೂ ಲಂಡನ್ನಿನಲ್ಲಿ ನುಂಗಿದರೂ ಹೆಚ್ಚುಕಡಿಮೆ ಒಂದೇ ಹೊಟ್ಟೆಗೆ ಹೋಗುತ್ತದೆ. ಕೂಡಿಸಬಹುದು, ಭಾಗಿಸಬಹುದು.

ಆಮೇಲೆ ಶಿಸ್ತು ಕಸುಬಾಯಿತು, ಕಸುಬು ಕಾರ್ಖಾನೆಯಾಯಿತು. ಜಾನ್ ಅಯೊನಿಡಿಸ್ ಎಂಬ ವಿದ್ವಾಂಸ 2016ರಲ್ಲಿ ಲೆಕ್ಕ ಹಾಕಿದಂತೆ 1991ರಿಂದ 2014ರೊಳಗೆ ವರ್ಷವೊಂದಕ್ಕೆ ಪ್ರಕಟವಾಗುವ ಸಿಸ್ಟಮ್ಯಾಟಿಕ್ ರಿವ್ಯೂಗಳು ಶೇ 2,728ರಷ್ಟು ಹೆಚ್ಚಿದವು. ಅದೇ ಅವಧಿಯಲ್ಲಿ ವೈದ್ಯಕೀಯ ಪ್ರಬಂಧಗಳ ಒಟ್ಟು ಸಂಖ್ಯೆ ಹೆಚ್ಚಿದ್ದು ಶೇ 153. ಅಡುಗೆ ಮಾಡುವವರು ಒಂದೂವರೆ ಪಟ್ಟು ಹೆಚ್ಚಿದರೆ ರುಚಿ ನೋಡಿ ಅಭಿಪ್ರಾಯ ಹೇಳುವವರು ಇಪ್ಪತ್ತೇಳು ಪಟ್ಟು ಹೆಚ್ಚಿದ್ದಾರೆ. ಕ್ಷೇತ್ರಕ್ಕೆ ಹೋಗಬೇಕಾಗಿಲ್ಲ, ಜಿಗಣೆ ಹತ್ತುವುದಿಲ್ಲ, ಬಸ್ಸು ತಪ್ಪುವುದಿಲ್ಲ. ಲ್ಯಾಪ್‌ಟಾಪ್, ಲಾಗಿನ್, ಇಬ್ಬರು ವಿದ್ಯಾರ್ಥಿಗಳು ಇದ್ದರಾಯಿತು. ಸಾವಿರಗಳಲ್ಲಿ ಶುರುವಾದ ಪ್ರಬಂಧಗಳ ಪಟ್ಟಿ ಚೌಕದಿಂದ ಚೌಕಕ್ಕೆ ಇಳಿದು ಬೆರಳೆಣಿಕೆಗೆ ಬಂದು ನಿಲ್ಲುವ ಚಿತ್ರ ಹಾಕಿ, ‘ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ’ ಎಂದು ಮುಗಿಸಿದರೆ ಪ್ರಮೋಷನ್ ಅರ್ಜಿಗೆ ಒಂದು ಅಂಕ ಜಮೆ.

ಮಾತ್ರೆಯ ತನಕ ಇದು ನಡೆಯಿತು. ತೊಂದರೆ ಶುರುವಾದದ್ದು ಮನುಷ್ಯರ ನಡುವೆ ಹಾದುಹೋಗುವ ಯೋಜನೆಗಳನ್ನು ಇದೇ ಜರಡಿಗೆ ಹಾಕಿದಾಗ. ಲಕ್ಕವಳ್ಳಿಯವರಿಗೆ ಇದನ್ನು ವಿವರಿಸಲು ಪುಸ್ತಕ ಬೇಕಾಗಿಲ್ಲ, ಊರಿನಲ್ಲೇ ಅಣೆಕಟ್ಟೆ ಇದೆ. ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ. ಇಲ್ಲಿ ಗೇಟು ಎತ್ತಿದ ದಿನ, ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದು ಪತ್ರಿಕೆಯಲ್ಲಿ ಬರುತ್ತದೆ. ಮಲೇಬೆನ್ನೂರು ಕಡೆಯ ಕೊನೆಯಂಚಿನ ರೈತನ ಗದ್ದೆ ಒಣಗಿದ್ದೂ ಅದೇ ಪತ್ರಿಕೆಯಲ್ಲಿ ಬರುತ್ತದೆ. ಎರಡೂ ನಿಜ. ನಡುವೆ ತೂಬು ಇದೆ, ಹೂಳು ಇದೆ, ರಾತ್ರಿ ನಾಲೆಗೆ ಇಳಿಬಿಟ್ಟ ಪಂಪ್‌ಸೆಟ್ ಇದೆ, ಮೇಲ್ಭಾಗದಲ್ಲಿ ಭತ್ತ ಕಿತ್ತು ಹಾಕಿದ ಅಡಿಕೆ ತೋಟ ಇದೆ, ನೀರಾವರಿ ಸಲಹಾ ಸಮಿತಿಯ ಸಭೆ ಇದೆ. ಈಗ ಒಬ್ಬರು ಬಂದು ‘ಗೇಟು ಎತ್ತುವುದರಿಂದ ಭತ್ತ ಬೆಳೆಯುತ್ತದೆಯೇ?’ ಎಂದು ಪ್ರಶ್ನೆ ಹಾಕಿಕೊಂಡು, ತರೀಕೆರೆಯ ಫಲಿತಾಂಶವನ್ನೂ ಮಲೇಬೆನ್ನೂರಿನ ಫಲಿತಾಂಶವನ್ನೂ ಕೂಡಿಸಿ ಎರಡರಿಂದ ಭಾಗಿಸಿ, ‘ಪುರಾವೆ ಮಿಶ್ರವಾಗಿದೆ’ ಎಂದು ತೀರ್ಪು ಕೊಟ್ಟರೆ ಹೇಗಿರುತ್ತದೆ? ಆರೋಗ್ಯ ಯೋಜನೆಗಳ ಬಹುಪಾಲು ರಿವ್ಯೂಗಳು ಹಾಗೇ ಇವೆ.

ಮಾತೃಪೂರ್ಣ ಯೋಜನೆಯನ್ನೇ ತೆಗೆದುಕೊಳ್ಳಿ. 2017ರ ಗಾಂಧಿ ಜಯಂತಿಯಂದು ರಾಜ್ಯದಾದ್ಯಂತ ಶುರುವಾಯಿತು. ಗರ್ಭಿಣಿ, ಬಾಣಂತಿಯರಿಗೆ ತಿಂಗಳಿಗೆ 25 ದಿನ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ, ಜೊತೆಗೆ ಕಬ್ಬಿಣಾಂಶದ ಮಾತ್ರೆ. ಅದಕ್ಕೆ ಮುಂಚೆ ದಿನಸಿಯನ್ನು ಮನೆಗೇ ಕೊಡುತ್ತಿದ್ದರು. ಬದಲಾವಣೆಯ ಹಿಂದೆ ಒಂದು ಥಿಯರಿ ಇತ್ತು, ಆದೇಶದಲ್ಲಿ ಯಾರೂ ಆ ಹೆಸರಿಟ್ಟು ಬರೆಯದಿದ್ದರೂ. ದಿನಸಿ ಮನೆಗೆ ಹೋದರೆ ಗಂಡ, ಅತ್ತೆ, ಮಾವ, ಮಕ್ಕಳ ತಟ್ಟೆಗಳನ್ನೆಲ್ಲ ಸುತ್ತಿ ಉಳಿದರೆ ಬಸುರಿಯ ತಟ್ಟೆಗೆ. ಅಂಗನವಾಡಿಯಲ್ಲಿ ಕೂತು ಉಂಡರೆ ಅವಳ ಹೊಟ್ಟೆಗೇ. ಒಳ್ಳೆಯ ಥಿಯರಿ. ನಮ್ಮ ಅಡುಗೆಮನೆಗಳ ರಾಜಕೀಯವನ್ನು ಬಲ್ಲವರು ಮಾಡಿದ್ದು. ಇದಕ್ಕೆ ಬಾಣ, ಚೌಕ ಏನೂ ಬೇಕಾಗಿರಲಿಲ್ಲ.

ಆದರೆ ಅದರ ಅಡಿಯಲ್ಲಿ ಇನ್ನೊಂದು ಥಿಯರಿ ಬಾಯಿ ಮುಚ್ಚಿ ಕೂತಿತ್ತು: ಬಸುರಿ ಹೆಂಗಸು ದಿನಾ ಮಧ್ಯಾಹ್ನ ಅಂಗನವಾಡಿಗೆ ನಡೆದು ಬರುತ್ತಾಳೆ ಎಂಬುದು. ಬಯಲುಸೀಮೆಯ ಒತ್ತೊತ್ತಾದ ಊರಿನಲ್ಲಿ ಅದು ನಡೆದೀತು. ಮಲೆನಾಡಿನ ಒಂಟಿ ಮನೆಗಳಿಂದ, ತೋಟದ ಲೈನ್‌ಗಳಿಂದ ಬರುವುದು ಕಷ್ಟ ಎಂಬ ದೂರು ಯೋಜನೆಯ ಬೆನ್ನಿಗೇ ಬಂತು. ಭದ್ರಾ ಅಭಯಾರಣ್ಯದ ಅಂಚಿನಲ್ಲಿ ಮಧ್ಯಾಹ್ನ ಎದುರಿಗೆ ಯಾರು ಸಿಗುತ್ತಾರೆ ಎಂಬುದನ್ನೂ ಸೇರಿಸಿ ಯೋಚಿಸಬೇಕು. ಫ್ರೇಮ್‌ವರ್ಕ್‌ಗಳಲ್ಲಿ ‘ಹೊರ ಪರಿಸರ’ ಅಂತ ಒಂದು ಖಾನೆ ಇರುತ್ತದೆ. ಆನೆಯನ್ನು ಅದರಲ್ಲಿ ತೂರಿಸಬಹುದು, ಆನೆ ಒಪ್ಪಿದರೆ.

ಖಾನೆಗಳ ಸಂತೆಗೆ ಈಗ ಬರೋಣ. ಮನುಷ್ಯರ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ 2014ರಲ್ಲಿ ಬಂದ ಒಂದೇ ಪುಸ್ತಕದಲ್ಲಿ 83 ಥಿಯರಿಗಳಿವೆ. ಯೋಜನೆಗಳನ್ನು ಜಾರಿಗೊಳಿಸುವ ಬಗ್ಗೆ 2009ರಲ್ಲಿ ಬಂದ ಪ್ರಸಿದ್ಧ ಫ್ರೇಮ್‌ವರ್ಕ್ ಒಂದರಲ್ಲೇ 39 ಅಂಶಗಳು. ಇನ್ನೊಂದರಲ್ಲಿ 2005ರಲ್ಲಿ 12 ವಲಯಗಳಿದ್ದವು, 2012ರಲ್ಲಿ ಶುದ್ಧೀಕರಿಸಿದಾಗ 14 ಆದವು. ನಮ್ಮಲ್ಲಿ ಜೋಯಿಸರು ಜಾತಕ ಶುದ್ಧೀಕರಿಸಿದರೂ ಮನೆಗಳು ಹನ್ನೆರಡೇ ಉಳಿಯುತ್ತವೆ ಎಂಬುದನ್ನು ಗಮನಿಸಬೇಕು. 2011ರಲ್ಲಿ ಲಂಡನ್ನಿನ ಸೂಸನ್ ಮಿಷಿ ಮತ್ತು ಜೊತೆಗಾರರು, ಫ್ರೇಮ್‌ವರ್ಕ್‌ಗಳು ವಿಪರೀತವಾದವು, ಯಾವುದೂ ಪರಿಪೂರ್ಣವಲ್ಲ ಎಂದು ಕಂಡುಕೊಂಡು ಇದ್ದ 19ನ್ನು ಅರೆದು ಸೋಸಿದರು. ಪರಿಣಾಮವಾಗಿ ಲೋಕದಲ್ಲಿ ಫ್ರೇಮ್‌ವರ್ಕ್‌ಗಳ ಸಂಖ್ಯೆ 20 ಆಯಿತು.

ಆ ಇಪ್ಪತ್ತನೆಯದು ಕೆಟ್ಟದ್ದೇನಲ್ಲ. ಸಾಮರ್ಥ್ಯ, ಅವಕಾಶ, ಪ್ರೇರಣೆ ಮೂರೂ ಕೂಡಿದರೆ ನಡವಳಿಕೆ ಎನ್ನುತ್ತದೆ. ಅದನ್ನು ಕೈಯಲ್ಲಿ ಹಿಡಿದು ರಿವ್ಯೂಕಾರರೊಬ್ಬರು ಲಕ್ಕವಳ್ಳಿ ಕಡೆಯ ಅಂಗನವಾಡಿಯೊಂದಕ್ಕೆ ಬಂದರೆ ಏನಾದೀತು ಎಂದು ಊಹಿಸಿಕೊಂಡಿದ್ದೇನೆ. ರಿವ್ಯೂಕಾರರು ಊರಿಗೆ ಬರುವುದಿಲ್ಲವಾದ್ದರಿಂದ ಇದು ನಡೆದದ್ದಲ್ಲ.

‘ಮೇಡಂ, ಊಟಕ್ಕೆ ಬಾರದೇ ಇರೋದು ಮೋಟಿವೇಷನ್ ಸಮಸ್ಯೇನಾ, ಆಪರ್ಚುನಿಟಿ ಸಮಸ್ಯೇನಾ?’

‘ಹಳ್ಳದ ಸಮಸ್ಯೆ ಸಾರ್.’

‘ಅಂದ್ರೆ?’

‘ಮನೆಗೂ ನಮ್ಮ ಅಂಗನವಾಡಿಗೂ ನಡುವೆ ಹಳ್ಳ ಇದೆ. ಆಷಾಢದಲ್ಲಿ ತುಂಬಿ ಹರೀತದೆ.’

‘ಓ, ಫಿಸಿಕಲ್ ಆಪರ್ಚುನಿಟಿ. ಒಂದು ಸಂಕ ಹಾಕಿಸಿದ್ರೆ ಬರ್ತಾರಾ?’

‘ಬಸುರಿ ಬರ್ತಾಳೆ. ಬಾಣಂತಿ ಬರಲ್ಲ.’

‘ಯಾಕೆ? ಇಬ್ಬರಿಗೂ ಅದೇ ಸಂಕ ಅಲ್ವಾ?’

‘ಅವಳು ತವರಲ್ಲಿರ್ತಾಳಲ್ಲ ಸಾರ್, ಅಜ್ಜಂಪುರದ ಕಡೆ. ಅಲ್ಲೂ ಮೂರು ತಿಂಗಳು ಹೊಸಲು ದಾಟಕ್ಕೆ ಬಿಡಲ್ಲ. ಹೆಸರು ನನ್ನ ರಿಜಿಸ್ಟರಲ್ಲಿ, ಬಾಣಂತಿ ಅಲ್ಲಿ, ಮೊಟ್ಟೆ ಇಲ್ಲಿ.’

‘ಸೋಷಿಯಲ್ ಆಪರ್ಚುನಿಟಿ.’

‘ಏನಾದ್ರೂ ಬರ್ಕೊಳಿ ಸಾರ್. ನಾನು ಕೈಯಿಂದ ಹಾಕಿರೋ ಮೊಟ್ಟೆ ದುಡ್ಡು ಮಾತ್ರ ಬೇಗ ಕೊಡ್ಸಿ.’

ಅಂಗನವಾಡಿ ಟೀಚರಮ್ಮ ಹೇಳಿದ್ದು ಎರಡು ಬೇರೆ ಬೇರೆ ಕಾರಣ. ಒಂದಕ್ಕೆ ಸಂಕ ಸಾಕು. ಇನ್ನೊಂದಕ್ಕೆ ಬಾಣಂತಿಯ ಹಿಂದೆ ಅವಳ ಊಟವೂ ತವರಿಗೆ, ಹೊಸಿಲಿನ ಒಳಗೆ ಹೋಗಬೇಕು. ರಿವ್ಯೂಕಾರರ ಹಾಳೆಯಲ್ಲಿ ಎರಡೂ ‘ಅವಕಾಶ’ ಎಂಬ ಒಂದೇ ಚೌಕದೊಳಗೆ ಹೋಗಿ ಬಾಗಿಲು ಹಾಕಿಕೊಂಡವು. ಚೌಕಕ್ಕೆ ಸೇರಿದ ಮೇಲೆ ಅವರಿಗೆ ಅರ್ಥವಾದಂತೆ ಅನ್ನಿಸುತ್ತದೆ, ಅಪಾಯ ಅಲ್ಲಿದೆ. ಪ್ರಬಂಧದಲ್ಲಿ ‘ಅವಕಾಶಕ್ಕೆ ಸಂಬಂಧಿಸಿದ ಅಡೆತಡೆಗಳು ಪ್ರಮುಖವಾಗಿ ಕಂಡುಬಂದವು’ ಎಂಬ ವಾಕ್ಯ ಬರುತ್ತದೆ. ಅದನ್ನು ಓದಿ ಸಂಕ ಕಟ್ಟಲೂ ಆಗದು, ಮೊಟ್ಟೆ ಕಳಿಸಲೂ ಆಗದು. 2020ರಲ್ಲಿ ಕೊರೊನಾ ಬಂದು ಅಂಗನವಾಡಿಗಳು ಮುಚ್ಚಿದಾಗ ದಿನಸಿ ಮತ್ತೆ ಮನೆಮನೆಗೆ ಹೋಯಿತು. ಹಳ್ಳ ದಾಟುವ ಪ್ರಶ್ನೆಯನ್ನು ಒಂದು ವೈರಸ್ಸು ಬಗೆಹರಿಸಿತು. ಜೊತೆಗೆ ಗಂಡ, ಅತ್ತೆ, ಮಾವನ ತಟ್ಟೆಗಳ ಹಳೆಯ ಪ್ರಶ್ನೆಯನ್ನು ವಾಪಸು ತಂದಿತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಥಿಯರಿ ಬೇಡ ಎನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ‘ನಮಗೆ ಥಿಯರಿ ಬೇಡ, ಫಲಿತಾಂಶ ಮಾತ್ರ ಸಾಕು’ ಎನ್ನುವ ಅಧಿಕಾರಿಯ ತಲೆಯಲ್ಲಿಯೂ ಥಿಯರಿ ಇರುತ್ತದೆ. ಬರೆದಿಡದ ಕಾರಣ ಯಾರೂ ಅದನ್ನು ಪ್ರಶ್ನಿಸಲಾರರು, ಅಷ್ಟೇ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಇಂಥ ಸಂಕೀರ್ಣ ಯೋಜನೆಗಳ ಬಗ್ಗೆ 2000ದಲ್ಲಿ ಮಾರ್ಗಸೂಚಿ ಹೊರಡಿಸಿ, 2008ರಲ್ಲಿ ತಿದ್ದಿ, 2021ರಲ್ಲಿ ಮತ್ತೆ ತಿದ್ದಿ, ಯೋಜನೆ ಯಾವ ದಾರಿಯಿಂದ ಕೆಲಸ ಮಾಡೀತು ಎಂಬ ಥಿಯರಿಯನ್ನು ಮೊದಲೇ ಬಿಡಿಸಿ ಬರೆಯಿರಿ, ಸುತ್ತಲಿನ ಪರಿಸ್ಥಿತಿಯನ್ನು ನೋಡಿ ಎಂದಿತು. ರೇ ಪಾಸನ್ ಎಂಬ ಸಮಾಜಶಾಸ್ತ್ರಜ್ಞ 2005ರಲ್ಲಿ ರಿವ್ಯೂ ಮಾಡುವವರ ಪ್ರಶ್ನೆಯನ್ನೇ ತಿರುಗಿಸಿದ: ಕೆಲಸ ಮಾಡುತ್ತದೆಯೇ ಎಂದು ಕೇಳಬೇಡಿ, ಯಾರಿಗೆ, ಎಂಥ ಸಂದರ್ಭದಲ್ಲಿ, ಯಾವ ಕಾರಣದಿಂದ ಎಂದು ಕೇಳಿ. ಟೀಚರಮ್ಮನನ್ನು ಕೇಳಬೇಕಾಗಿದ್ದ ಪ್ರಶ್ನೆ ಅದೇ.

ಆದರೆ ಮಾರ್ಗಸೂಚಿ ಬಂದರೆ ಅದನ್ನು ಪಾಲಿಸಿದಂತೆ ಕಾಣುವ ಕಲೆಯೂ ಬರುತ್ತದೆ. ಜರ್ನಲ್ಲಿನ ಪರಿಶೀಲಕರು ‘ನಿಮ್ಮ ಥಿಯರಿ ಯಾವುದು?’ ಎಂದು ಕೇಳುತ್ತಾರೆ. ಪ್ರಬಂಧ ಆಗಲೇ ಮುಗಿದಿದೆ. ಹುಡುಗಿ ನೋಡುವ ಶಾಸ್ತ್ರ ಮದುವೆ ಆದ ಮೇಲೆ ನಡೆಯುತ್ತದೆ. ಯಾವ ಫ್ರೇಮ್‌ವರ್ಕ್ ನಮ್ಮ ಪಟ್ಟಿಗೆ ಹೊಂದುತ್ತದೆ ಎಂದು ಹುಡುಕಿ, ಸಿಕ್ಕಿದ ಅಂಶಗಳನ್ನು ಅದರ ಖಾನೆಗಳಿಗೆ ಸುರಿದು, ‘ಥಿಯರಿ ಆಧಾರಿತ’ ಎಂದು ಶೀರ್ಷಿಕೆಗೆ ಸೇರಿಸುತ್ತಾರೆ. ಎಲ್ಲವೂ ಹೊಂದಿಕೊಳ್ಳುತ್ತದೆ. 39 ಖಾನೆಗಳಿದ್ದರೆ ಹೊಂದದೆ ಉಳಿಯುವುದಾದರೂ ಏನು? ಯಾವುದನ್ನೂ ಹೊರಗೆ ನಿಲ್ಲಿಸದ, ಎಂದೂ ತಪ್ಪಾಗಲಾರದ ಫ್ರೇಮ್‌ವರ್ಕ್ ಏನನ್ನೂ ಹೇಳಿರುವುದಿಲ್ಲ. ನಿಜವಾದ ಥಿಯರಿಗೆ ಸೋಲುವ ಧೈರ್ಯ ಬೇಕು. ‘ಸಂಕ ಹಾಕಿದರೆ ಬಸುರಿಯರು ಬರುತ್ತಾರೆ, ಬಾಣಂತಿಯರು ಬರುವುದಿಲ್ಲ’ ಎಂಬುದು ಥಿಯರಿ. ಸಂಕ ಹಾಕಿದ ಮೇಲೂ ಬಸುರಿಯರು ಬಾರದಿದ್ದರೆ ಟೀಚರಮ್ಮನ ಮಾತು ಬಿದ್ದುಹೋಗುತ್ತದೆ. ‘ನಡವಳಿಕೆಯ ಮೇಲೆ ಹಲವು ಮಟ್ಟದ ಅಂಶಗಳು ಪರಸ್ಪರ ಪ್ರಭಾವ ಬೀರುತ್ತವೆ’ ಎಂಬುದು ಎಂಥ ಜಲಪ್ರಳಯದಲ್ಲೂ ಮುಳುಗುವುದಿಲ್ಲ.

ದೆಹಲಿಯೂ ಹಿಂದೆ ಬಿದ್ದಿಲ್ಲ. ರಕ್ತಹೀನತೆಯ ವಿರುದ್ಧ 2018ರಲ್ಲಿ ಬಂದ ‘ಅನೀಮಿಯಾ ಮುಕ್ತ ಭಾರತ’ದ ಫ್ರೇಮ್‌ವರ್ಕ್ ಹೆಸರು 6×6×6. ಆರು ಬಗೆಯ ಫಲಾನುಭವಿಗಳು, ಆರು ಕ್ರಮಗಳು, ಆರು ಸಾಂಸ್ಥಿಕ ವ್ಯವಸ್ಥೆಗಳು. ಆರಾರಲ ಮೂವತ್ತಾರು, ಅದನ್ನು ಮತ್ತೆ ಆರರಿಂದ ಗುಣಿಸಿದರೆ 216. ಏಳನೆಯ ಕಾರಣವೊಂದು ಎಲ್ಲಾದರೂ ಇದ್ದರೆ ಅದು ಸರದಿಯಲ್ಲಿ ನಿಲ್ಲಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 44.8 ಮಂದಿಗೆ ರಕ್ತಹೀನತೆ ಇತ್ತು. ಐದನೇ ಸುತ್ತಿನಲ್ಲಿ ಅದು ಶೇ 47.8. ಸಮೀಕ್ಷೆಯ ತಂಡ ರಾಜ್ಯಕ್ಕೆ ಬಂದಾಗ ಕಾರ್ಯಕ್ರಮಕ್ಕೆ ಒಂದೂವರೆ ವರ್ಷವೂ ಆಗಿರಲಿಲ್ಲ, ಹಾಗಾಗಿ ಏರಿಕೆಯನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ. ಆದರೆ 216 ಖಾನೆಗಳ ಪೈಕಿ ಯಾವುದು ಸೋರುತ್ತಿದೆ ಎಂದು ಕೇಳಿದರೆ ಆ ಘನಾಕೃತಿ ಉತ್ತರ ಕೊಡುವುದಿಲ್ಲ. ಅದನ್ನು ಮಾಡಿದ್ದು ಸ್ಲೈಡಿಗಾಗಿ.

ಈ ಭಾಗದವರಿಗೆ ಮೈನಡುಗಿಸುವ ಉದಾಹರಣೆ ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಮಂಗಗಳು ಸಾಯುತ್ತವೆ, ಉಣ್ಣೆ ಕಚ್ಚಿ ಮನುಷ್ಯರಿಗೂ ಜ್ವರ ಬರುತ್ತದೆ. ಲಕ್ಕವಳ್ಳಿಯ ಪಕ್ಕದ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ತಾಲ್ಲೂಕುಗಳು ಇದನ್ನು ಹತ್ತಿರದಿಂದ ಬಲ್ಲವು. ಲಸಿಕೆ ಇತ್ತು, ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದಲ್ಲಿ. 1994ರಲ್ಲಿ ಪ್ರಕಟವಾದ ಕ್ಷೇತ್ರ ಪ್ರಯೋಗದ ಪ್ರಕಾರ ಎರಡು ಡೋಸ್ ಹಾಕಿಸಿಕೊಂಡವರಿಗೆ ಶೇ 93.5 ರಕ್ಷಣೆ. 2005ರಿಂದ 2010ರ ಅಂಕಿಅಂಶ ಇಟ್ಟುಕೊಂಡು 2013ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಎರಡು ಡೋಸಿಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಎರಡು ಡೋಸಿನ ಎರಡು ಲೆಕ್ಕಗಳ ನಡುವೆ ಸರಾಸರಿ ತೆಗೆದರೆ ಸುಮಾರು 78 ಬರುತ್ತದೆ. ಆ 78 ಯಾರ ತೋಳಿಗೂ ಚುಚ್ಚಿದ್ದಲ್ಲ.

ಚುಚ್ಚಿದ್ದೇ ಸಮಸ್ಯೆಯಾಗಿತ್ತು. ಸೂಜಿ ವಿಪರೀತ ನೋಯುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಮೊದಲ ಸಲ ತೋಳು ಊದಿಸಿಕೊಂಡವನು ಎರಡನೇ ಸಲಕ್ಕೆ ಸಿಗುತ್ತಿರಲಿಲ್ಲ. ಅವನನ್ನು ಹುಡುಕಿಕೊಂಡು ಹೋದ ಆರೋಗ್ಯ ಸಹಾಯಕಿಗೆ ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಪರಾರಿಯಾದವನ ಬೆನ್ನು ಕಾಣುತ್ತಿತ್ತು. ಲಸಿಕೆಯ ಶಕ್ತಿ ಬಾಟಲಿಯಲ್ಲಿ ಎಷ್ಟು, ತೋಟದ ಬೇಲಿಯ ಬಳಿ ಎಷ್ಟು ಎಂಬ ವ್ಯತ್ಯಾಸಕ್ಕೆ ಥಿಯರಿ ಬೇಕಿತ್ತು. ಅದರ ಬದಲು ದಶಕಗಳ ಕಾಲ ನಮಗೆ ಸಿಕ್ಕಿದ್ದು ಗುರಿ ಮತ್ತು ಸಾಧನೆಯ ಕೋಷ್ಟಕ, ಹಾಗೂ ‘ಜನರಲ್ಲಿ ಅರಿವಿನ ಕೊರತೆ’ ಎಂಬ ಷರಾ. ನೋವಿನ ಅರಿವು ಜನರಿಗೆ ಚೆನ್ನಾಗಿಯೇ ಇತ್ತು. ಕಡೆಗೆ ಪರಿಣಾಮ ಸಾಲದೆಂದು 2022ರಲ್ಲಿ ಲಸಿಕೆಯನ್ನೇ ನಿಲ್ಲಿಸಿದರು. ಉಳಿದದ್ದು ಉಣ್ಣೆ ಹತ್ತದಂತೆ ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚುವ ಡೇಪಾ ಎಣ್ಣೆ. ತರಗು ಗುಡಿಸುವ ಹೆಂಗಸು ಬೆಳಗ್ಗೆ ಹಚ್ಚಿದ ಎಣ್ಣೆ ಬೆವರಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ವಾಸನೆಯನ್ನು ಸಹಿಸಿ ಎಷ್ಟು ದಿನ ಹಚ್ಚುತ್ತಾಳೆ ಎಂಬ ಪ್ರಶ್ನೆಗಳಿಗೂ ಯಾವುದೋ ಖಾನೆ ಕಾದಿರುತ್ತದೆ.

ಸರಿಯಾಗಿ ಮಾಡಿದವರು ನಮ್ಮಲ್ಲೇ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ತುಮಕೂರು ಜಿಲ್ಲೆಯಲ್ಲಿ ತಾಲ್ಲೂಕು, ಜಿಲ್ಲಾ ಮಟ್ಟದ ಆರೋಗ್ಯಾಧಿಕಾರಿಗಳಿಗೆ ಆಡಳಿತ ತರಬೇತಿ ಕೊಟ್ಟ ಕಾರ್ಯಕ್ರಮವನ್ನು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನ ಎನ್.ಎಸ್. ಪ್ರಶಾಂತ್ ಮತ್ತು ಸಂಗಡಿಗರು ಪಾಸನ್ನನ ದಾರಿಯಲ್ಲಿ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ಅದು ರಿವ್ಯೂ ಅಲ್ಲ, ಕ್ಷೇತ್ರದ ಅಧ್ಯಯನ. ತಮ್ಮ ಊಹೆಯನ್ನು ಮೊದಲೇ ಬರೆದಿಟ್ಟು ಪ್ರಕಟಿಸಿದರು, ಆಮೇಲೆ ತಾಲ್ಲೂಕುಗಳಿಗೆ ಹೋಗಿ ನೋಡಿದರು. ಒಂದೇ ತರಬೇತಿ, ಒಂದೇ ಜಿಲ್ಲೆ, ತಾಲ್ಲೂಕಿಗೊಂದು ಫಲ. ಅಧಿಕಾರಿಗೆ ಕೆಲಸದಲ್ಲಿ ಮನಸ್ಸಿದ್ದು, ಸುತ್ತಲಿನ ಕಚೇರಿಯೂ ಅದಕ್ಕೆ ಹೊಂದಿಕೊಂಡ ಕಡೆ ತರಬೇತಿ ಚಿಗುರಿತು. ಎರಡರಲ್ಲಿ ಒಂದು ತಪ್ಪಿದ ಕಡೆ ಸರ್ಟಿಫಿಕೇಟು ಉಳಿಯಿತು. ಜಿಲ್ಲೆಯ ಸರಾಸರಿ ಹೇಳಿ ಎದ್ದುಬಿಟ್ಟಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕೂತವರಿಗೆ ಇದು ಗೊತ್ತಿದ್ದ ವಿಷಯವೇ ಎನ್ನಬಹುದು. ಗೊತ್ತಿದ್ದವರು ಬರೆದಿಟ್ಟಿರಲಿಲ್ಲ, ಬರೆಯುವವರಿಗೆ ಗೊತ್ತಿರಲಿಲ್ಲ.

ರಿವ್ಯೂಗಳಲ್ಲಿ ‘ಸೇವೆ ಒದಗಿಸುವವರ ಪ್ರೇರಣೆ’ ಎಂಬ ಚೌಕವೂ ತಪ್ಪದೆ ಇರುತ್ತದೆ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಆ ಚೌಕಕ್ಕೆ ಇದಕ್ಕಿಂತ ಸ್ಪಷ್ಟವಾದ ಟಿಪ್ಪಣಿ ಸಿಗಲಾರದು. ಆದರೆ ಧರಣಿಯನ್ನು ಜರ್ನಲ್ಲುಗಳು ಪ್ರಕಟಿಸುವುದಿಲ್ಲ, ಆದ್ದರಿಂದ ಅದು ಮೊದಲ ಜರಡಿಯಲ್ಲೇ ಬಿದ್ದುಹೋಗುತ್ತದೆ.

ಮಂಗನ ಕಾಯಿಲೆಗೆ ಈಗ ಹೊಸ ಲಸಿಕೆ ತಯಾರಾಗುತ್ತಿದೆ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಮಾಡುತ್ತಿವೆ. ಬರಲಿ. ಜ್ವರದ ಕಾಲ ಮಾಗಿಯಿಂದ ಬೇಸಿಗೆಯ ತನಕ, ಆದ್ದರಿಂದ ಸೂಜಿ ಅದಕ್ಕೆ ಮುಂಚೆಯೇ ಬೀಳಬೇಕು. ಅದೇ ಹೊತ್ತಿಗೆ ಅಡಿಕೆ ಕೊಯ್ಲು. ಕೊನೆ ಇಳಿಸುವವನು ಮರದ ಮೇಲೆ, ಸುಲಿಯುವವಳು ಚಪ್ಪರದಡಿ, ದಿನದ ಕೂಲಿ ಬಿಟ್ಟರೆ ಹೋಯಿತು. ಮೊದಲ ಡೋಸಿಗೆ ಅವರು ಯಾಕೆ ಬರುತ್ತಾರೆ, ಎರಡನೆಯದಕ್ಕೆ ಯಾಕೆ ಬರುವುದಿಲ್ಲ, ಬರಬೇಕಾದರೆ ಸೂಜಿಯೇ ಚಪ್ಪರಕ್ಕೆ ಬರಬೇಕೆ, ರಾತ್ರಿ ಬರಬೇಕೆ, ಕೂಲಿಯ ದುಡ್ಡು ಯಾರು ಕೊಡಬೇಕು? ಉತ್ತರ ಗೊತ್ತಿದೆ ಎನ್ನುವ ವಿದ್ವಾಂಸರು ಲಸಿಕೆ ಬರುವ ಮುಂಚೆಯೇ ಅದನ್ನು ಬರೆದು, ಸಹಿ ಮಾಡಿ, ಆಸ್ಪತ್ರೆಯ ನೋಟೀಸ್ ಬೋರ್ಡಿಗೆ ಅಂಟಿಸಲಿ. ಪಕ್ಕದಲ್ಲಿ ಆಶಾ ಕಾರ್ಯಕರ್ತೆಯೂ ತನ್ನದನ್ನು ಬರೆದು ಅಂಟಿಸುತ್ತಾಳೆ. ಯುಗಾದಿ ಕಳೆದ ಮೇಲೆ ಎರಡನ್ನೂ ಓದೋಣ.